ಇಬ್ಬರು ಆಟಗಾರರು, ಒಂದೇ ಬಂಡಿ

ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯೊಂದರ ಕಥೆ ಹೇಳುತ್ತೇನೆಂದರೆ ವಾಚಕರು ಓಲೆಗರಿಯನ್ನೋ ಹಳೆಯ ಕಡತವನ್ನೋ ನಿರೀಕ್ಷಿಸಿಯಾರು. ನಿಟ್ಟೂರು ಹೊಯ್ಸಳರ ಕಾಲದ ಜೈನ ಬಸದಿಯುಳ್ಳ ಊರು. ಅಂಥ ನಿರೀಕ್ಷೆಯೇನೂ ತಪ್ಪಲ್ಲ. ಆದರೆ 2025ರ ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಪೆಟ್ಟಿಗೆಯಿಂದ ಹೊರಬಂದುದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಬಿಗಿದು ಕಟ್ಟಿದ್ದ ಎರಡು ಕಪ್ಪು ಜಾಯ್‌ಸ್ಟಿಕ್ಕುಗಳು.

ಜಾಯ್‌ಸ್ಟಿಕ್ ಎಂಬ ಹೆಸರು ಮೊದಲಿಗೆ ವಿಮಾನ ನಡೆಸುವವರ ಕೈಕೋಲಿಗೆ ಇದ್ದದ್ದು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾದ ಮೇಲೆ ಅಂಥ ಕೋಲಿನ ಮಾತು ಈ ಸೀಮೆಗೆ ತೀರ ಅಪರಿಚಿತವೂ ಅಲ್ಲ. ಪೆಟ್ಟಿಗೆಯಲ್ಲಿದ್ದವು ಅದರ ಮರಿಮಕ್ಕಳು. ಸೋನಿ ಕಂಪನಿಯವರ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರದ ಹಿಡಿಗಳು. ಆ ಯಂತ್ರ 2000ದ ಮಾರ್ಚ್ 4ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. 2013ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹದಿನೈದು ಕೋಟಿಗೂ ಹೆಚ್ಚು ಯಂತ್ರಗಳು ಲೋಕದಲ್ಲಿ ಹರಡಿದ್ದವು. ಅವುಗಳಲ್ಲೊಂದು ನಮ್ಮ ಮನೆಯಲ್ಲಿತ್ತು. ದೊಡ್ಡ ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್, ಚಿಕ್ಕವನು ಪಿ.ಯು.ಸಿ. ಓದುತ್ತಿದ್ದಾಗ ಇಬ್ಬರೂ ಕೂಡಿಟ್ಟ ಹಣದಿಂದ ಕೊಂಡದ್ದು. ಯಂತ್ರ ಸತ್ತು ಹತ್ತು ವರ್ಷದ ಮೇಲಾಯಿತು. ಹಿಡಿಗಳನ್ನು ಎಸೆಯಲು ಮಾತ್ರ ಅವರ ತಾಯಿಗೆ ಮನಸ್ಸು ಬರಲಿಲ್ಲ.

ಆ ಇಬ್ಬರು ಈಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತು ನಾಲ್ಕು ವರ್ಷವಾಯಿತು. ತೆಂಗಿನ ತೋಟದ ಪಾಲಿನ ವಿಷಯ. ಸರ್ವೆ ನಂಬರು ಒಂದು, ಹಿಸ್ಸಾ ಎರಡು, ಕೊಳವೆ ಬಾವಿ ಮಾತ್ರ ಸರಿಯಾಗಿ ಗಡಿಯ ಮೇಲೆ! ಇದಕ್ಕಿಂತ ಹೆಚ್ಚಿನ ವಿವರ ವಾಚಕರಿಗೂ ಬೇಡ, ನನಗೂ ಬೇಡ. ಆದರೂ ಮಕ್ಕಳಿಗೆ ತಾತನ ಮನೆ ಬೇಕಷ್ಟೆ? ದೊಡ್ಡವನ ಮಗ, ಹತ್ತು ವರ್ಷದವನು, ಬೆಂಗಳೂರಿನಿಂದ ಬಂದ. ಚಿಕ್ಕವನ ಮಗಳು, ಎಂಟು ವರ್ಷದವಳು, ತಿಪಟೂರಿನಿಂದ ಬಂದಳು. ಸೊಸೆಯರಿಬ್ಬರೂ ಮಕ್ಕಳನ್ನು ನಿಟ್ಟೂರು ಸ್ಟೇಷನ್ನಿನಲ್ಲಿ ನನಗೊಪ್ಪಿಸಿ, ಒಬ್ಬರಿಗೊಬ್ಬರು ಎದುರಾಗದಂತೆ ಬೇರೆ ಬೇರೆ ರೈಲಿನಲ್ಲಿ ಹಿಂದಿರುಗಿದರು. ಮೊದಲ ದಿನ ಮಕ್ಕಳು ಅಜ್ಜಿಯ ಜೊತೆ ಕುಳಿತು ಅವರೆಕಾಯಿ ಸುಲಿದರು. ಎರಡನೆಯ ದಿನ ಹಿತಕಿದ ಬೇಳೆಯ ಸಾರೂ ಅವರ ಬೇಸರವನ್ನು ಕಳೆಯಲಾರದಾಯಿತು. ಆಗ ಅಟ್ಟದ ನೆನಪಾದದ್ದು.

ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್ ಒಂದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ರಂದು ತಮ್ಮ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ವಿಂಡೋಸ್ 11 ಕೇಳುವ ಭದ್ರತೆಯ ಸಲಕರಣೆ ನಮ್ಮ ಮುದಿಯಂತ್ರದಲ್ಲಿಲ್ಲ. ದೊಡ್ಡವನು ದೀಪಾವಳಿಗೆ ಬಂದಾಗ (ಚಿಕ್ಕವನು ಬಂದದ್ದು ಅಣ್ಣ ಹೊರಟ ಮರುದಿನ) ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದ ಈ ವ್ಯವಸ್ಥೆಯನ್ನು ಈಗ ಲೋಕದ ಸಾವಿರಾರು ಮಂದಿ ಕೂಡಿ ಬೆಳೆಸುತ್ತಿದ್ದಾರೆ. ಕೊಳ್ಳಲು ಕಾಸು ಬೇಡ. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳ ಸರ್ಕಾರದ ಏರ್ಪಾಡಿನಂತೆ ಇದರಲ್ಲಿಯೇ ಕಂಪ್ಯೂಟರ್ ಕಲಿಯುತ್ತಾರೆ. ಡೆಬಿಯನ್, ಉಬುಂಟು ಎಂಬ ಲಿನಕ್ಸಿನ ಬಗೆಗಳಲ್ಲಿ ಕನ್ನಡ ಅಕ್ಷರಗಳ ಒಂದು ಅಚ್ಚಿಗೆ 'ಗುಬ್ಬಿ' ಎಂದೇ ಹೆಸರು. ನಮ್ಮ ತಾಲ್ಲೂಕಿಗೆ ಸಂದ ಗೌರವವೆಂದು ನಾನು ಎರಡು ದಿನ ಬೀಗಿದ್ದುಂಟು. ಅದರ ಜೊತೆಗಾರ ಅಚ್ಚಿನ ಹೆಸರು 'ನವಿಲು' ಎಂದು ತಿಳಿದ ಮೇಲೆ ಅದು ಹಾರುವ ಗುಬ್ಬಿಯೆಂದು ಅರ್ಥವಾಗಿ ಸುಮ್ಮನಾದೆ.

ಲಿನಕ್ಸಿನ ಜೊತೆಗೆ ಪುಕ್ಕಟೆಯಾಗಿ ಸಿಗುವ ಆಟಗಳಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಎಂಬುದೊಂದು. ಪುಟ್ಟ ಬಂಡಿಗಳ ಓಟದ ಪಂದ್ಯ. ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಹಕ್ಕಿಯೂ ಅಲ್ಲಿ ಬಂಡಿ ಓಡಿಸುತ್ತದೆ. ಪರದೆಯನ್ನು ಎರಡು ಪಾಲು ಮಾಡಿಕೊಂಡು ಇಬ್ಬರು ಏಕಕಾಲದಲ್ಲಿ ಆಡಬಹುದು. ಆದರೆ ಒಂದೇ ಕೀಲಿಮಣೆಯ ಮೇಲೆ ಇಬ್ಬರು ಮಕ್ಕಳ ನಾಲ್ಕು ಕೈಗಳು ಕಾದಾಡಿದರೆ ಮೊದಲು ಮುರಿಯುವುದು ಕೀಲಿಮಣೆ, ಅನಂತರ ಸ್ನೇಹ. ಆದುದರಿಂದ ಹಳೆಯ ಹಿಡಿಗಳನ್ನು ಜೋಡಿಸುವ ಅಡಾಪ್ಟರ್ ಒಂದನ್ನು ತರಿಸಿದೆ. ಒಂದು ಕಡೆ ಯುಎಸ್‌ಬಿ ತಂತಿ, ಇನ್ನೊಂದು ಕಡೆ ಪ್ಲೇಸ್ಟೇಷನ್ ಹಿಡಿಗೆ ಎರಡು ಬಾಯಿ.

ಅಡಾಪ್ಟರಿನದು ದುಭಾಷಿಯ ಉದ್ಯೋಗ. ಹಳೆಯ ಹಿಡಿಯ ತುದಿಯಲ್ಲಿ ಒಂಬತ್ತು ಸೂಜಿಗಳಿಗೆ ಸ್ಥಳವಿದೆ. ಅದರ ಭಾಷೆ ಆ ಯಂತ್ರಕ್ಕೆ ಮಾತ್ರ ತಿಳಿಯುವಂಥದು. ಅದನ್ನು ಕೇಳಿ ಯುಎಸ್‌ಬಿಯ ಭಾಷೆಗೆ ತಿರುಗಿಸಬೇಕು. ಜೋಡಿಸಿದೆವು. ಅಡಾಪ್ಟರಿನ ದೀಪ ಹತ್ತಿತು. ಮೊಮ್ಮಗ ತನ್ನ ಗುಂಡಿ ಒತ್ತಿದ. ಮೊದಲನೆಯ ಆಟಗಾರನೆಂದು ಪರದೆಯ ಮೇಲೆ ಕಾಣಿಸಿಕೊಂಡ. ಮೊಮ್ಮಗಳು ಒತ್ತಿದಳು; ಏನೂ ಆಗಲಿಲ್ಲ. ಎಲ್ಲ ಗುಂಡಿಗಳನ್ನೂ ಒತ್ತಿದಳು. ಹಿಡಿಗಳನ್ನು ಅದಲುಬದಲು ಮಾಡಿದೆವು. ಆಗ ಆಟಕ್ಕೆ ಸೇರಿದವಳು ಅವಳು, ಹೊರಗುಳಿದವನು ಅವನು. ಹಿಡಿಗಳೆರಡೂ ನೆಟ್ಟಗಿದ್ದುವೆಂದಾಯಿತು. ಸೇರಲೊಲ್ಲದ್ದು ಎರಡನೆಯ ಬಾಯಿ.

“ತಾತ, ಯಾವಾಗಲೂ ಒಬ್ಬರೇ ಆಡಬೇಕಾ?” ಎಂದಳು. ಅಳಲಿಲ್ಲ. ಹಿಡಿಯನ್ನು ಚಾಪೆಯ ಮೇಲಿಟ್ಟು ಅಡಿಗೆಮನೆಗೆ ಹೋದಳು. ಅತ್ತಿದ್ದರೆ ನಾನು ಎರಡು ರೂಪಾಯಿಯ ಪೆಪ್ಪರ್‌ಮೆಂಟಿನಿಂದ ವಿಷಯವನ್ನು ಮುಗಿಸುತ್ತಿದ್ದೆನೋ ಏನೋ.

ರಾತ್ರಿ ಬೆಂಗಳೂರಿಗೆ ಫೋನು ಮಾಡಿದೆ. ದೊಡ್ಡವನು ಕೇಳಿಸಿಕೊಂಡು, ಜೆಎಸ್‌ಟೆಸ್ಟ್ ಎಂಬ ಪರೀಕ್ಷೆಯ ಸಾಧನವನ್ನು ತೆರೆಸಿ, “ಎಷ್ಟು ಜಾಯ್‌ಸ್ಟಿಕ್ ತೋರಿಸುತ್ತಿದೆ ಅಪ್ಪ?” ಎಂದ. “ಒಂದೇ.” “ಅದಕ್ಕೆ ಗುಂಡಿಗಳೆಷ್ಟು?” ನೋಡಿ ಹೇಳಿದೆ: ಇಪ್ಪತ್ತನಾಲ್ಕು. ಅವನು ನಕ್ಕ. ಒಂದು ಹಿಡಿಗೆ ಇರುವುದು ಹನ್ನೆರಡು ಗುಂಡಿ, ದಿಕ್ಕಿನ ಗುಂಡಿಗಳನ್ನು ಬಿಟ್ಟು. ನಮ್ಮ ಲಿನಕ್ಸ್ ಎರಡು ಹಿಡಿಗಳನ್ನು ಕಲಸಿ, ಇಪ್ಪತ್ತು ತೋಳಿನ ರಾವಣನಂತೆ ಒಬ್ಬನೇ ಭಾರಿ ಆಟಗಾರನನ್ನು ಸೃಷ್ಟಿಸಿತ್ತು. ಒಬ್ಬನೇ ನಟ ಎರಡು ವೇಷ ಕಟ್ಟುವುದನ್ನು ಗುಬ್ಬಿ ಕಂಪನಿಯ ನಾಡಿನವರಾದ ನಾವು ಕೇಳಿಬಲ್ಲೆವು. ಇಬ್ಬರು ನಟರನ್ನು ಒಂದೇ ಅಂಗಿಯೊಳಗೆ ತುರುಕಿದ್ದನ್ನು ನಾನು ಕಂಡದ್ದು ಇದೇ ಮೊದಲು.

ಹೀಗೇಕಾಯಿತು? ಯುಎಸ್‌ಬಿಗೆ ಜೋಡಿಸಿದ ಪ್ರತಿಯೊಂದು ವಸ್ತುವೂ ಮೊದಲು ತನ್ನ ಪ್ರವರ ಹೇಳಬೇಕು. ನಾವು ಹಿರಿಯರಿಗೆ ಅಭಿವಾದನ ಮಾಡುವಾಗ ಗೋತ್ರ ಸೂತ್ರಗಳನ್ನು ಹೇಳಿಕೊಳ್ಳುವಂತೆ, ಅದು ತನ್ನ ತಯಾರಕನ ಸಂಖ್ಯೆ, ತನ್ನ ಜಾತಿಯ ಸಂಖ್ಯೆ, ತನಗೆಷ್ಟು ಗುಂಡಿ, ಎಷ್ಟು ಕೋಲು, ಯಾವ ಅಂಕಿ ಯಾವುದನ್ನು ಸೂಚಿಸುತ್ತದೆ, ಇಷ್ಟನ್ನೂ ಒಪ್ಪಿಸುತ್ತದೆ. ನಮ್ಮ ಅಡಾಪ್ಟರ್ 'ನಾನೊಬ್ಬ, ನನ್ನಲ್ಲಿ ಎರಡು ಬಗೆಯ ವರದಿಗಳುಂಟು' ಎಂದು ಹೇಳಿಕೊಳ್ಳುತ್ತದೆ. ಲಿನಕ್ಸ್ ಅದನ್ನು ಅಕ್ಷರಶಃ ನಂಬುತ್ತದೆ. ಒಂದು ಪ್ರವರ, ಒಬ್ಬ ಆಸಾಮಿ. ಎರಡನೆಯ ವರದಿಯ ಗುಂಡಿಗಳನ್ನು ಹದಿಮೂರು, ಹದಿನಾಲ್ಕು ಎಂದು ಮುಂದುವರಿಸಿ ಎಣಿಸಿಬಿಡುತ್ತದೆ. ಆಟಕ್ಕೆ ಅಷ್ಟು ಗುಂಡಿಗಳಿಂದ ಏನೂ ಕೆಲಸವಿಲ್ಲ. ಆದುದರಿಂದ ಹುಡುಗಿಯ ಒತ್ತುವಿಕೆ ಕೇಳುವವರಿಲ್ಲದ ಅರ್ಜಿಯಾಯಿತು.

ಇಲ್ಲಿ ಲಿನಕ್ಸನ್ನು ದೂರುವುದು ಸುಲಭ. ನಾನೂ ಆ ರಾತ್ರಿ ದೂರಿದೆ. ಆಮೇಲೆ ತಿಳಿದ ಸಂಗತಿಯಿಂದ ನನ್ನ ಅಭಿಪ್ರಾಯ ಬದಲಾಯಿತು. ಜಾಯ್‌ಸ್ಟಿಕ್, ಮೌಸ್ ಮೊದಲಾದುವು ಲಿನಕ್ಸಿನೊಡನೆ ಮಾತಾಡುವ ವ್ಯವಸ್ಥೆಯ ಅಡಿಪಾಯವನ್ನು ಹಾಕಿದವನು ವೋಯ್ಟೆಕ್ ಪಾವ್ಲಿಕ್ ಎಂಬ ಚೆಕ್ ದೇಶದ ತರುಣ. ತೊಂಬತ್ತರ ದಶಕದ ಕೊನೆಯ ಮಾತು. ಅಂದಿನಿಂದ ಇಂದಿನವರೆಗೆ ಆ ವ್ಯವಸ್ಥೆಯೊಳಗೆ ಒಂದು ಪಟ್ಟಿ ಬೆಳೆದು ಬಂದಿದೆ. 'ಕ್ವಿರ್ಕ್ಸ್' ಎಂದು ಅದನ್ನು ಕರೆಯುತ್ತಾರೆ, ವಕ್ರಬುದ್ಧಿಗಳ ಪಟ್ಟಿಯೆನ್ನಬಹುದು. ಪ್ರವರ ತಪ್ಪು ಹೇಳುವ ವಸ್ತುಗಳು, ಸುಳ್ಳು ಹೇಳುವ ವಸ್ತುಗಳು, ಅರ್ಧ ಹೇಳಿ ನಿಲ್ಲಿಸುವ ವಸ್ತುಗಳು, ಇವೆಲ್ಲವುಗಳ ಸಂಖ್ಯೆಯೂ, ಎದುರಿಗೆ ಯಾವ ವಸ್ತುವನ್ನು ಹೇಗೆ ಸಂಭಾಳಿಸಬೇಕೆಂಬ ಸೂಚನೆಯೂ ಅಲ್ಲಿವೆ. ಎರಡು ಬಾಯಿಯ ಅಡಾಪ್ಟರುಗಳು ಕೆಲವು ಆಗಲೇ ಅದರಲ್ಲಿವೆ. ಅವನ್ನು ಕೊಂಡ ಭಾಗ್ಯವಂತರಿಗೆ ಜೋಡಿಸಿದೊಡನೆ ಎರಡು ಹಿಡಿ ಕಾಣುತ್ತವೆ. ಆ ಸಾಲುಗಳು ಸೇರಿದ ಬಗೆ ಸರಳ. ಎಲ್ಲೋ ಯಾರೋ ಒಬ್ಬರ ಮನೆಯಲ್ಲಿ ನಮ್ಮಂತೆಯೇ ಒಂದು ಸಂಜೆ ಹಾಳಾಗಿದೆ. ಅವರು ರಾತ್ರಿಯೆಲ್ಲ ಕುಳಿತು ಕಾರಣ ಹುಡುಕಿ, ಮುಂದಿನವರಿಗಿರಲಿ ಎಂದು ಬರೆದು ಕಳಿಸಿದ್ದಾರೆ. ಪಟ್ಟಿ ಓದುವವನಿಗೆ ಅವರ ಪರಿಚಯವಾಗುವುದಿಲ್ಲ. ಸಾಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ನಮ್ಮದು ಪಟ್ಟಿಯಲ್ಲಿರಲಿಲ್ಲ. ಹಾಗಾದರೆ ನಾವೇ ಹೇಳಬೇಕು. ಎಲ್‌ಎಸ್‌ಯುಎಸ್‌ಬಿ ಎಂಬ ಅಪ್ಪಣೆ ಕೊಟ್ಟರೆ ಯಂತ್ರಕ್ಕೆ ಜೋಡಿಸಿರುವ ವಸ್ತುಗಳ ಹೆಸರು ಸಾಲಾಗಿ ಬರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ನಾಲ್ಕು ನಾಲ್ಕು ಅಂಕಿಗಳ ಎರಡು ಸಂಖ್ಯೆ. ತಯಾರಕನದು ಸರ್ವೆ ನಂಬರು, ವಸ್ತುವಿನದು ಹಿಸ್ಸಾ ನಂಬರು ಎಂದುಕೊಂಡರೆ ನಮ್ಮ ಕಡೆಯವರಿಗೆ ಮರೆಯುವುದಿಲ್ಲ. ಯಂತ್ರ ಎಚ್ಚರಗೊಳ್ಳುವಾಗ ಓದಿಕೊಳ್ಳುವ ಸಾಲಿನಲ್ಲಿ 'ಯುಎಸ್‌ಬಿಹಿಡ್ ಕ್ವಿರ್ಕ್ಸ್' ಎಂಬ ಸೂಚನೆಯನ್ನಿಟ್ಟು, ಆ ಎರಡು ಸಂಖ್ಯೆಗಳನ್ನೂ ಮೂರನೆಯದಾಗಿ 40 ಎಂಬುದನ್ನೂ ಬರೆಯಬೇಕು. ಒಂದೊಂದರ ನಡುವೆ ವಿಸರ್ಗದಂಥ ಎರಡು ಚುಕ್ಕೆ. ಈ 40 ನಮ್ಮ ನಲವತ್ತಲ್ಲ. ಕಂಪ್ಯೂಟರಿನವರು ಹದಿನಾರರ ಲೆಕ್ಕದಲ್ಲಿ ಎಣಿಸುವುದರಿಂದ ನಮ್ಮ ಲೆಕ್ಕಕ್ಕೆ ಅರವತ್ತನಾಲ್ಕು. 'ಈ ವಸ್ತುವಿನ ಒಂದೊಂದು ವರದಿಯನ್ನೂ ಬೇರೆ ಬೇರೆ ಆಟಗಾರನೆಂದು ತಿಳಿ' ಎಂಬುದು ಅದರ ತಾತ್ಪರ್ಯ. ಹದಿನಾರರ ಲೆಕ್ಕವೆಂದು ತೋರಿಸಲು ಮೂರು ಸಂಖ್ಯೆಗಳ ಹಿಂದೆಯೂ ಒಂದು ಸೊನ್ನೆ, ಒಂದು ಎಕ್ಸ್ ಅಕ್ಷರ ಇರಬೇಕು.

ನಾನು ಎರಡಕ್ಕೆ ಹಾಕಿ ಮೂರನೆಯದಕ್ಕೆ ಮರೆತೆ. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದೆ. ರಾವಣ ಹಾಗೆಯೇ ಇದ್ದ. ಇನ್ನೊಮ್ಮೆ ಮಾಡಿದೆ. ಹೀಗೆಯೇ ಒಂದು ಬೆಳಗು ಕಳೆಯಿತು. ಯಂತ್ರವೇನೋ ಪ್ರಾಮಾಣಿಕವಾಗಿ 'ಈ ಸೂಚನೆ ಅರ್ಥವಾಗಲಿಲ್ಲ' ಎಂದು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟಿತ್ತು. ಅಲ್ಲಿ ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ. ಕಣ್ಣಿಗೆ ಬಿದ್ದದ್ದು ಮೊಮ್ಮಗನಿಗೆ. “ತಾತ, ಇಲ್ಲೂ ಒಂದು ಸೊನ್ನೆ ಬರಬೇಕಲ್ವಾ?” ಎಂದ. ಸೊನ್ನೆ ಹಾಕಿದೆವು. ಪರದೆಯ ಮೇಲೆ ಹನ್ನೆರಡು ಹನ್ನೆರಡು ಗುಂಡಿಗಳ ಎರಡು ಜಾಯ್‌ಸ್ಟಿಕ್ ಮೂಡಿದವು. ಹುಡುಗ ಅಡಿಗೆಮನೆಗೆ ಓಡಿ ತಂಗಿಯನ್ನು ಕೈಹಿಡಿದು ಎಳೆತಂದ.

ಇನ್ನು ಆಟವೇ ಎಂದುಕೊಂಡೆವು. ಆದರೆ ಅವಳ ಹಿಡಿಯ ಹೆಬ್ಬೆರಳ ಕೋಲುಗಳಿಗೆ ಜೀವವಿರಲಿಲ್ಲ. ಗುಂಡಿಗಳು ಮಾತ್ರ ಕೆಲಸ ಮಾಡುತ್ತಿದ್ದವು. ಬೆಂಗಳೂರಿಗೆ ಫೋನು ಸಿಗಲಿಲ್ಲ. ಅನುಮಾನಿಸುತ್ತಲೇ ತಿಪಟೂರಿಗೆ ಮಾಡಿದೆ. ಚಿಕ್ಕವನಿಗೆ ಲಿನಕ್ಸ್ ತಿಳಿಯದು. ಅವನದು ಕೊಬ್ಬರಿ ವ್ಯಾಪಾರ. ಆದರೆ ಆ ಹಿಡಿಗಳ ವಿಷಯದಲ್ಲಿ ಅವನಷ್ಟು ಬಲ್ಲವರಿಲ್ಲ. ಒಂದು ಕ್ಷಣವೂ ಯೋಚಿಸದೆ, “ನಡುವೆ ಅನಲಾಗ್ ಅಂತ ಒಂದು ಸಣ್ಣ ಗುಂಡಿ ಇದೆಯಲ್ಲ ಅಪ್ಪ, ಅದನ್ನು ಒತ್ತಿ. ಕೆಂಪು ದೀಪ ಹತ್ತಬೇಕು. ದೀಪ ಇಲ್ಲದಿದ್ದರೆ ಕೋಲು ಕೆಲಸ ಮಾಡೋಲ್ಲ,” ಎಂದ. ಒತ್ತಿದಳು. ದೀಪ ಹತ್ತಿತು. ಎಷ್ಟೋ ಮಂದಿ ಅಡಾಪ್ಟರ್ ಕೆಟ್ಟಿದೆಯೆಂದು ಹಿಂದಿರುಗಿಸುವುದಕ್ಕೆ ಈ ದೀಪವೊಂದೇ ಕಾರಣವಿರಬೇಕು. ಅಡಾಪ್ಟರಿನೊಂದಿಗೆ ಬಂದ ಚೀಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಉಳಿದ ತೊಡಕು ಗುಂಡಿಗಳ ಕ್ರಮದ್ದು. ಇಂಥ ಅಡಾಪ್ಟರುಗಳು ತ್ರಿಕೋನದ ಗುರುತಿನ ಗುಂಡಿಯನ್ನು ಮೊದಲನೆಯದೆಂದು ಎಣಿಸುವುದುಂಟು; ಈಚಿನ ಆಟಗಳಾದರೋ ಎಲ್ಲಕ್ಕಿಂತ ಕೆಳಗಿನ ಗುಂಡಿಯೇ ಮೊದಲನೆಯದೆಂದು ತಿಳಿದಿರುತ್ತವೆ. ಆದುದರಿಂದ ಒತ್ತಿದ್ದು ಒಂದು, ನಡೆದದ್ದು ಇನ್ನೊಂದು. ಇದಕ್ಕೆ ಬೇರೆ ಪಟ್ಟಿಯೇ ಇದೆ. ಯಾವ ಹಿಡಿಯ ಯಾವ ಗುಂಡಿ ಎಲ್ಲಿರುತ್ತದೆಂದು ಆಟವಾಡುವವರೇ ಕೂಡಿ ಬರೆದದ್ದು. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಆಟದ ಏರ್ಪಾಡಿನ ಪುಟದಲ್ಲಿ 'ವೇಗಕ್ಕೆ ಯಾವುದು, ತಡೆಗೆ ಯಾವುದು' ಎಂದು ಒಂದೊಂದಾಗಿ ಒತ್ತಿ ತೋರಿಸಿದರೆ ಸಾಕಾಯಿತು.

ಬೇರೆ ಬಗೆಯ ಅಡಾಪ್ಟರ್ ಕೊಂಡ ವಾಚಕರಿಗೆ ಎರಡು ಮಾತು. ನಿಂಟೆಂಡೊ ಕಂಪನಿಯವರು 2014ರಲ್ಲಿ ತಮ್ಮ ಗೇಮ್‌ಕ್ಯೂಬ್ ಹಿಡಿಗಳಿಗಾಗಿ ಹೊರತಂದ ಅಡಾಪ್ಟರ್ ಸಾಮಾನ್ಯ ಜಾಯ್‌ಸ್ಟಿಕ್ಕಿನಂತೆ ಪ್ರವರ ಹೇಳುವುದಿಲ್ಲ. ಅದರೊಡನೆ ಆಟದ ತಂತ್ರಾಂಶವೇ ನೇರವಾಗಿ ಮಾತಾಡಬೇಕು. ಹಾಗೆ ಮಾತಾಡಲು ಲಿನಕ್ಸ್ ಸಾಮಾನ್ಯ ಬಳಕೆದಾರನಿಗೆ ಅನುಮತಿ ಕೊಡುವುದಿಲ್ಲ. 'ಯುಡೆವ್' ಎಂಬ ದ್ವಾರಪಾಲಕನಿಗೆ, ಈ ಸಂಖ್ಯೆಯ ವಸ್ತುವನ್ನು ಮುಟ್ಟಲು ಮನೆಯವರಿಗೆ ಅಪ್ಪಣೆಯುಂಟೆಂದು ಒಂದು ಸಾಲಿನ ನಿಯಮ ಬರೆದಿಡಬೇಕು. ಇದಕ್ಕೆ ಬದಲಾಗಿ ಆಟವನ್ನೇ ಯಂತ್ರದ ಯಜಮಾನನ ಅಧಿಕಾರದಲ್ಲಿ ನಡೆಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೀರುವಿನ ಬೀಗದ ಕೈಯನ್ನು ಬಾಗಿಲಲ್ಲೇ ನೇತುಹಾಕಿದಂತೆ, ಬೇಡ.

ಮೂರನೆಯ ದಿನ ಸಂಜೆ ಮತ್ತೊಂದು ದೂರು ಬಂದಿತು. ಹುಡುಗನ ಬಂಡಿ ಯಾರೂ ಮುಟ್ಟದಿದ್ದರೂ ಎಡಕ್ಕೆ ಸರಿದು ಹುಲ್ಲಿಗೆ ಇಳಿಯುತ್ತಿತ್ತು. ಹಳೆಯ ಕೋಲುಗಳು ಸವೆದು ನಡುಬಿಂದುವಿಗೆ ಮರಳುವುದಿಲ್ಲ. ಅಷ್ಟು ಸಣ್ಣ ಓಲಾಟವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಯಂತ್ರಕ್ಕೆ ಹೇಳಬೇಕು. ಲಿನಕ್ಸಿನಲ್ಲಿ ಜಾಯ್‌ಸ್ಟಿಕ್ಕಿಗೆ ಹಳೆಯ ದಾರಿ ಒಂದು, ಹೊಸ ದಾರಿ ಒಂದು ಇವೆ. ಹಳೆಯ ದಾರಿಯಲ್ಲಿ ಮಾಡಿದ ತಿದ್ದುಪಡಿ ಹೊಸ ದಾರಿಯ ಆಟಕ್ಕೆ ತಲುಪುವುದಿಲ್ಲ. ನಾನು ಮೊದಲು ತಿದ್ದಿದ್ದು ಹಳೆಯದನ್ನು. ಈ ನಡುವೆ ಮಗಳೊಡನೆ ಮಾತಾಡಲು ಚಿಕ್ಕವನೇ ಫೋನು ಮಾಡಿದ. ಬಂಡಿಯ ವಿಷಯ ಅವಳೇ ಹೇಳಿರಬೇಕು. ಫೋನು ನನ್ನ ಕೈಗೆ ಬಂದಾಗ ಅವನು ಕೇಳಿದ: “ಎಡಕ್ಕೆ ಎಳೆಯುತ್ತಾ? ಹಿಂದುಗಡೆ ಒಂದು ಗೀರು ಇದೆಯಾ ನೋಡಿ.”

ತಿರುಗಿಸಿ ನೋಡಿದೆ. ಇತ್ತು.

“ಅದು ಅಣ್ಣನದು. ಅವನು ಕಾಲೇಜಿಗೆ ಹೋಗಿದ್ದಾಗ ನಾನು ಮೆಟ್ಟಿಲ ಮೇಲಿಂದ ಬೀಳಿಸಿದ್ದೆ. ಹೇಳಲಿಲ್ಲ. ಆಮೇಲೆ ಪ್ರತಿ ಪಂದ್ಯದಲ್ಲೂ ನಾನೇ ಗೆಲ್ಲುತ್ತಿದ್ದೆ.”

ರಾತ್ರಿ ಬೆಂಗಳೂರಿನಿಂದ ಫೋನು ಬಂದಿತು. ಹೊಸ ದಾರಿಯಲ್ಲಿ ತಿದ್ದುವ ಬಗೆಯನ್ನು ದೊಡ್ಡವನು ನಿಧಾನವಾಗಿ ಹೇಳಿದ, ನಾನು ಬರೆದುಕೊಂಡೆ. ಬಂಡಿ ನೆಟ್ಟಗಾಯಿತು. ಕೊನೆಯಲ್ಲಿ, ಆ ಕೋಲು ಸವೆದದ್ದಲ್ಲವಂತೆ, ಬಿದ್ದು ಸೊಟ್ಟಗಾದದ್ದಂತೆ ಎಂದು ತಿಳಿಸಿದೆ. ಯಾರು ಹೇಳಿದರೆಂದು ಕೇಳಿದ. ಹೇಳಿದೆ.

ಬಹಳ ಹೊತ್ತು ಮಾತಿಲ್ಲ. ಫೋನು ಕಡಿದುಹೋಯಿತೆಂದೇ ಎಣಿಸಿದೆ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

“ಕಳ್ಳ! ಎರಡು ವರ್ಷ ಸೋತಿದ್ದೆನಲ್ಲ,” ಎಂದ. ಮತ್ತೆ ಸ್ವಲ್ಪ ತಡೆದು, “ಅವನ ನಂಬರು ಹಳೆಯದೇ ಇದೆಯಾ ಅಪ್ಪ?” ಎಂದು ಕೇಳಿದ.

ಹಳೆಯದೇ ಇದೆಯೆಂದೆ. ಒಳಗೆ ಮಕ್ಕಳು ಮೂರನೆಯ ಸುತ್ತಿನಲ್ಲಿದ್ದರು. ಊಟಕ್ಕೆ ಬರಲು ಇನ್ನೂ ಒಂದು ಸುತ್ತು ಬಾಕಿಯೆಂದು ಅಜ್ಜಿಗೆ ಕೂಗಿ ಹೇಳುತ್ತಿದ್ದರು.